ವಾರ್ಡ್ ಆಫೀಸಿನ ಮಂಗಳವಾರ

ಸಾವಿರದ ಒಂಬೈನೂರ ಎಪ್ಪತ್ತನೆಯ ಇಸವಿ, ಮೇ ತಿಂಗಳ ಆರನೆಯ ತಾರೀಖು, ಬುಧವಾರ, ಬೆಳಿಗ್ಗೆ ಏಳು ಗಂಟೆ. ಸ್ಥಳ, ವಿಲೆ ಪಾರ್ಲೆಯ ನಮ್ಮ ಮನೆಯ ಊಟದ ಮೇಜು. ಹಾಜರಿದ್ದವರು ನಾನು, ನನ್ನ ಹೆಂಡತಿ ಕಮಲ, ಸೊಸೆ ಸುಧಾ, ಮೊಮ್ಮಗಳು ಗಿರಿಜೆ. ಮಗ ವಿಮಾನ ನಿಲ್ದಾಣದಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಗೊರಕೆ ಹೊಡೆಯುತ್ತಿದ್ದನಾದ್ದರಿಂದ ಅವನನ್ನು ಗೈರುಹಾಜರಿ ಎಂದು ಬರೆಯುವುದೇ ನ್ಯಾಯ. ವಿಷಯ ಒಂದೇ: ಗಿರಿಜೆ ಹುಟ್ಟಿದ್ದಾಳೋ ಇಲ್ಲವೋ.

ದಾಖಲೆಗಳ ಮೇಲೆ ನನಗೆ ಮೊದಲಿನಿಂದಲೂ ಭಕ್ತಿ. ಫೋರ್ಟಿನ ಒಂದು ಕಂಪನಿಯ ರೆಕಾರ್ಡ್ ವಿಭಾಗದಲ್ಲಿ ಕೂದಲು ನರೆಸಿಕೊಂಡವನು ನಾನು. ಅಲ್ಲಿ ನನ್ನ ಅಪ್ಪಣೆಯಿಲ್ಲದೆ ಒಂದು ಫೈಲೂ ಕಪಾಟು ಬಿಟ್ಟು ಕದಲುತ್ತಿರಲಿಲ್ಲ. ಮನೆಯಲ್ಲಿ ಹಾಗಲ್ಲ. ವಿದ್ಯುತ್ತಿನ ಬಿಲ್ಲುಗಳನ್ನು ವರ್ಷವಾರು ಕಟ್ಟಿ ದಾರ ಬಿಗಿದು ಅಟ್ಟದ ಮೇಲಿಟ್ಟರೆ ಕಮಲ ಆ ದಾರ ಬಿಚ್ಚಿ ಮಲ್ಲಿಗೆ ಕಟ್ಟುತ್ತಾಳೆ. ನಿವೃತ್ತನಾದ ಮೇಲೂ ನಾನು ಐದಕ್ಕೆ ಏಳುತ್ತೇನೆ, ಐದೂವರೆಗೆ ವಾಕಿಂಗ್, ಏಳಕ್ಕೆ ತಿಂಡಿ, ಎಂಟಕ್ಕೆ ಪತ್ರಿಕೆ, ಒಂಬತ್ತಕ್ಕೆ ವಾಚನಾಲಯ. ವಾಚನಾಲಯದಲ್ಲಿ ಓದುವುದೂ ಅದೇ ಪತ್ರಿಕೆಯನ್ನೇ. ಆದರೆ ಅಲ್ಲಿ ಕೋಲಿಗೆ ಸಿಕ್ಕಿಸಿಟ್ಟಿರುತ್ತಾರೆ. ಅದರಲ್ಲೊಂದು ಗಾಂಭೀರ್ಯವಿದೆ.

ಇಂಥವನ ಮನೆಗೆ ಒಂದು ಕಾಗದ ಬಂತು. ಗಿರಿಜೆಯ ಜನನ ದಾಖಲೆಯ ನಕಲು ಬೇಕೆಂದು ನಾನು ಮಾಟುಂಗದ ಕಡೆಯ ವಾರ್ಡ್ ಆಫೀಸಿಗೆ ಅರ್ಜಿ ಹಾಕಿದ್ದೆ. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕೆಂಬ ಪದ್ಧತಿಯಂತೆ ಸುಧಾ ಮಾಟುಂಗದ ತನ್ನ ತಂದೆಯ ಮನೆಯಲ್ಲಿದ್ದಳು. ಅಲ್ಲಿಯ ಹೆರಿಗೆ ಆಸ್ಪತ್ರೆಯೊಂದರಲ್ಲಿ ಗಿರಿಜೆ ಹುಟ್ಟಿದಳು. ಅರವತ್ತೈದನೆಯ ಇಸವಿ ಮೇ ಮೂವತ್ತೊಂದು, ಸೋಮವಾರ. ನನ್ನ ದಿನಚರಿಯಲ್ಲಿ ಸ್ಪಷ್ಟವಾಗಿ ಬರೆದಿದೆ. ಬೀಗರ ಮನೆಯಿಂದ ಬಂದ ಜಾತಕದಲ್ಲೂ ಸೋಮವಾರ. ಸೋಮವಾರ ಶಿವನ ದಿನವೆಂದೇ ಗಿರಿಜೆ ಎಂಬ ಹೆಸರನ್ನೂ ಇಟ್ಟದ್ದು. ವಾರ್ಡ್ ಆಫೀಸಿನ ಉತ್ತರ ಮಾತ್ರ ಬೇರೆಯಿತ್ತು. ಸದರಿ ದಿನಾಂಕದಂದು ಇಂಥ ಜನನ ನಡೆದದ್ದು ನಮ್ಮ ದಾಖಲೆಯಲ್ಲಿ ಇಲ್ಲ. ನಾನು ಈ ಕಾಗದವನ್ನು ಓದುತ್ತಿದ್ದಾಗ ಸದರಿ ದಿನಾಂಕದಂದು ಹುಟ್ಟಿರದ ಹುಡುಗಿ ನನ್ನ ಕನ್ನಡಕದ ಡಬ್ಬಿಯಲ್ಲಿ ಸಕ್ಕರೆ ತುಂಬಿಸಿ ಇರುವೆಗಳಿಗೆ ಔತಣ ಮಾಡಿಸುತ್ತಿದ್ದಳು.

ನಕಲು ಬೇಕಾದದ್ದು ಶಾಲೆಗೆ. ನಮ್ಮ ಉಪನಗರದಲ್ಲಿ ಕನ್ನಡಿಗರು ಸೇರಿ ನಡೆಸುವ ಪುಟ್ಟ ಶಾಲೆಯೊಂದಿದೆ. ಅದರ ಸಮಿತಿಗೆ ನಾನು ಕಾರ್ಯದರ್ಶಿ. ಹಿಂದಿನ ವರ್ಷ ತಾಯಂದಿರು ನಾಲ್ಕು ವರ್ಷದ ಮಕ್ಕಳನ್ನೆಲ್ಲ ಐದೆಂದು ಸೇರಿಸಿಬಿಟ್ಟು, ಒಂದನೆಯ ತರಗತಿ ಮಧ್ಯಾಹ್ನದ ಹೊತ್ತಿಗೆ ಲೋಕಲ್ ಟ್ರೇನಿನ ಕಡೆಯ ಡಬ್ಬಿಯಂತೆ ಒಬ್ಬರ ಮೇಲೊಬ್ಬರು ಬಿದ್ದು ನಿದ್ದೆ ಮಾಡುತ್ತಿತ್ತು. ಅದಕ್ಕೆ ನಾನೇ ನಿಯಮ ಬರೆದೆ: ಮೇ ತಿಂಗಳು ಮುಗಿಯುವುದರೊಳಗೆ ಐದು ತುಂಬಿರಬೇಕು, ಒಂದು ದಿನ ಕಡಿಮೆಯಾದರೂ ಇಲ್ಲ, ಆಧಾರಕ್ಕೆ ಮುನಿಸಿಪಾಲಿಟಿಯ ನಕಲು ತರಬೇಕು. ನಿಯಮ ಚೆನ್ನಾಗಿಯೇ ನಡೆಯುತ್ತಿತ್ತು. ಗದಗದ ಕಡೆಯ ಗಾರೆ ಕೆಲಸದ ಗೌಂಡಿ ಹನಮಂತಪ್ಪ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದಾಗ ಅವಳಿಗೆ ನಾಲ್ಕು ದಿನ ಕಡಿಮೆ ಬಿತ್ತು. ಆಗುವುದಿಲ್ಲ ಎಂದೆ. ಅವನು ಜಗಳವಾಡಲಿಲ್ಲ. "ನಾಕ ದಿನದಾಗ ಹುಡುಗಿ ಏನ್ ಕುದುರಿ ಆಗತಾಳೇನ್ರೀ ಸಾಹೇಬ್ರ?" ಎಂದು ಕೇಳಿ ಮಗಳನ್ನು ಹೊತ್ತುಕೊಂಡೇ ಹೋದ.

ಈಗ ನಮ್ಮ ಸರದಿ. ಕಾಗದ ಒಪ್ಪಿಸಲು ಅದೇ ಬುಧವಾರ ಕಡೆಯ ದಿನ. ಗಿರಿಜೆಗಿಂತ ಹೆಚ್ಚಾಗಿ ಇದು ಸುಧಾಳ ಪ್ರಶ್ನೆಯಾಗಿತ್ತು. ಅವಳಿಗೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸದ ಆದೇಶ ಬಂದಿತ್ತು. ಜೂನಿನಿಂದ, ಬೆಳಗಿನ ಪಾಳಿ. ಶಾಲೆಯೂ ಬೆಳಗಿನದೇ. ಮಗಳು ಶಾಲೆಗೆ, ತಾಯಿ ಕೆಲಸಕ್ಕೆ ಎಂದು ಅವಳು ಲೆಕ್ಕ ಹಾಕಿಕೊಂಡಿದ್ದಳು. ನನ್ನ ಚೀಲಕ್ಕೆ ನೀರಿನ ಬಾಟಲಿ ಇಡುತ್ತ, "ಸಿಗಬಹುದಲ್ವಾ ಮಾವ?" ಎಂದಳು. "ಸಿಗದೆ ಏನು? ಅವರಿಗೆ ರೆಕಾರ್ಡ್ ಇಡುವುದು ಹೇಗೆಂದು ಹೇಳಿಕೊಟ್ಟೇ ಬರುತ್ತೇನೆ" ಎಂದೆ. ಕಮಲ ದೋಸೆ ಮಗುಚುತ್ತ, ಹೇಳಿಕೊಡುವುದು ಮುಗಿದರೆ ಬರುವಾಗ ಕೊತ್ತಂಬರಿ ತನ್ನಿ ಎಂದಳು.

ಮಾಟುಂಗ ರೋಡ್ ಸ್ಟೇಷನ್ನಿನಲ್ಲಿ ಇಳಿದಾಗ ಬೀಗರು ವಾಸುದೇವ ರಾಯರು ಛತ್ರಿ ಹಿಡಿದು ಕಾಯುತ್ತಿದ್ದರು. ಮಾಟುಂಗದವರಿಗೆ ಮೇ ತಿಂಗಳಲ್ಲೂ ಛತ್ರಿ ಬೇಕು, ಅದರಿಂದ ದಾರಿ ತೋರಿಸಲು. ನಮ್ಮಿಬ್ಬರ ಸ್ನೇಹ ಗಟ್ಟಿಯಾದದ್ದು, ಆದರೆ ಒಳಗೊಂದು ಸಣ್ಣ ಪೈಪೋಟಿಯೂ ಇದೆ. ಅವರದು ಪಂಚಾಂಗದ ಶಿಸ್ತು, ನನ್ನದು ಗಡಿಯಾರದ ಶಿಸ್ತು. ಅವರು ರಾಹುಕಾಲ ನೋಡಿ ಕ್ಷೌರಕ್ಕೆ ಹೋಗುತ್ತಾರೆ, ನಾನು ತಾರೀಖು ನೋಡಿ ಹೋಗುತ್ತೇನೆ. ಇಬ್ಬರ ತಲೆಯೂ ಈಗ ಸಮನಾಗಿ ಬೋಳಾಗಿದೆ.

ವಾರ್ಡ್ ಆಫೀಸಿನಲ್ಲಿ ನಮಗೆ ಸಿಕ್ಕ ಗುಮಾಸ್ತರು ಸಾವಂತ ಎಂಬ ಮಧ್ಯವಯಸ್ಸಿನ ಮರಾಠಿ ಗೃಹಸ್ಥರು, ಒಳ್ಳೆಯ ಮನುಷ್ಯ. ಆಗ ತಾನೇ ಚಹಾ ಕುಡಿದಿದ್ದರಿಂದ ಇನ್ನೂ ಒಳ್ಳೆಯವರಾಗಿದ್ದರು. ಅರವತ್ತೈದರ ಜನನ ರಿಜಿಸ್ಟರನ್ನು ತಂದು ನಮ್ಮೆದುರಿಗೇ ಮೇ ಮೂವತ್ತೊಂದರ ಪುಟ ತೆರೆದರು. ಬೆರಳಿಟ್ಟು ಮೇಲಿನಿಂದ ಕೆಳಗೆ ಬಂದರು. ಗುಜರಾತಿ ಮಕ್ಕಳು, ಮರಾಠಿ ಮಕ್ಕಳು, ತಮಿಳರ ಅವಳಿ ಗಂಡುಮಕ್ಕಳು ಎಲ್ಲರೂ ಇದ್ದರು. ನಮ್ಮ ಗಿರಿಜೆ ಇರಲಿಲ್ಲ. ನಾನು ಸುಮ್ಮನಿರಲಾರದೆ ರೆಕಾರ್ಡು ಇಡುವ ಕ್ರಮದ ಬಗ್ಗೆ ನನ್ನ ಹಿಂದಿಯಲ್ಲಿ ಒಂದು ಉಪನ್ಯಾಸ ಕೊಟ್ಟೆ. ಆಸ್ಪತ್ರೆಯಿಂದ ಬಂದ ಚೀಟಿ ಎಲ್ಲಿ ಕಳೆದಿರಬಹುದು, ಕಳೆದದ್ದಕ್ಕೆ ಯಾರು ಹೊಣೆ, ನಮ್ಮ ಕಂಪನಿಯಲ್ಲಾದರೆ ಏನಾಗುತ್ತಿತ್ತು ಎಲ್ಲವನ್ನೂ ಹೇಳಿದೆ. ಸಾವಂತರು ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ ಬೀಗರ ಕಡೆ ತಿರುಗಿ, ಮಗು ಎಷ್ಟು ಗಂಟೆಗೆ ಹುಟ್ಟಿತು ಎಂದು ಕೇಳಿದರು.

ಬೀಗರು ಹೆಮ್ಮೆಯಿಂದ ಹೇಳಿದರು, "ಸೋಮ್‌ವಾರ್ ರಾತ್ ಕೋ. ಢಾಯಿ ಬಜೇ."

ಸೋಮವಾರ ರಾತ್ರಿ ಎರಡೂವರೆ. ಐದು ವರ್ಷಗಳಿಂದ ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ. ಅಂದು ಆಸ್ಪತ್ರೆಯ ಹೊರಗೆ ಬೆಂಚಿನ ಮೇಲೆ ಕುಳಿತದ್ದು, ಸೊಳ್ಳೆ ಕಚ್ಚಿದ್ದು ಎಲ್ಲವೂ ಆ ಕಥೆಯಲ್ಲಿ ಬರುತ್ತದೆ. ಸಾವಂತರು ಒಂದು ಪುಟ ಮಗುಚಿದರು. ಜೂನ್ ಒಂದು, ಮಂಗಳವಾರ. ಮೊದಲ ಸಾಲಿನಲ್ಲೇ ನನ್ನ ಮಗನ ಹೆಸರು, ಸುಧಾಳ ಹೆಸರು, ಹೆಣ್ಣು ಮಗು.

"ಕಾಕಾ, ಆಮ್‌ಚಾ ದಿವಸ್ ರಾತ್ರೀ ಬಾರಾ ವಾಜತಾ ಸುರೂ ಹೋತೋ," ಎಂದರು ಸಾವಂತರು. ಅವರ ದಿನ ರಾತ್ರಿ ಹನ್ನೆರಡಕ್ಕೆ ಶುರುವಾಗುತ್ತದಂತೆ.

ನಮ್ಮ ದಿನ ಸೂರ್ಯ ಹುಟ್ಟಿದ ಮೇಲೆ ಶುರುವಾಗುತ್ತದೆ. ಬೆಳಗಾಗುವ ತನಕ ಹಿಂದಿನ ದಿನದ ವಾರವೇ. ಜಾತಕ ಬರೆದವರೂ ಹಾಗೆಯೇ ಬರೆದರು, ನಾನೂ ಹಾಗೆಯೇ ಬರೆದುಕೊಂಡೆ. ಗಡಿಯಾರದ ಶಿಸ್ತಿನವನೆಂದು ಮೆರೆಯುವ ನನಗೆ ಎರಡೂವರೆ ಗಂಟೆ ಎಂಬುದು ಹನ್ನೆರಡರ ಆಚೆಗಿದೆಯೋ ಈಚೆಗಿದೆಯೋ ಎಂದು ನೋಡುವುದಕ್ಕೆ ಐದು ವರ್ಷ ಪುರುಸೊತ್ತಾಗಿರಲಿಲ್ಲ. ಬೀಗರು ಮಾತ್ರ ಸೋಲಲಿಲ್ಲ. ಸೂರ್ಯೋದಯದ ಶಾಸ್ತ್ರವನ್ನು ಮುನಿಸಿಪಾಲಿಟಿಗೆ ತಿಳಿಸಿಕೊಡಲು ಹೊರಟರು. ಸಾವಂತರು ನಗುತ್ತ, ನಮ್ಮ ಮನೆಯಲ್ಲೂ ಆಯಿ, ನಮ್ಮ ತಾಯಿ, ಹೀಗೇ ಲೆಕ್ಕ ಹಾಕುವುದು, ಆದರೆ ಆಯಿಯ ಸಹಿ ಇಲ್ಲಿ ನಡೆಯುವುದಿಲ್ಲ ಎಂದು, ಹೊಸ ಅರ್ಜಿ ಬರೆದುಕೊಟ್ಟು ಊಟದ ಹೊತ್ತು ಕಳೆದು ಬನ್ನಿ, ನಕಲು ತಯಾರಿರುತ್ತದೆ ಎಂದರು.

ಆ ಹೊತ್ತು ಕಳೆಯಲು ನಾವು ಹೊಕ್ಕದ್ದು ಹತ್ತಿರದ ಉಡುಪಿ ಹೋಟೆಲು. ಮಾಟುಂಗದಲ್ಲಿ ಕಷ್ಟ ಬಂದವರಿಗೆ ಇದೊಂದು ಸೌಕರ್ಯ, ಯಾವ ದಿಕ್ಕಿಗೆ ನಡೆದರೂ ಇಡ್ಲಿ ಸಿಗುತ್ತದೆ. ಬೀಗರು ತಿಂಡಿ ಮುಗಿಸಿ, ಕಾಫಿ ಬಂದ ಮೇಲೆ ಬಾಯಿಬಿಟ್ಟರು.

"ಮಾರಾಯ್ರೆ, ಆ ನಕಲು ತಕೊಳ್ಳುದೇ ಬೇಡ."

"ಮತ್ತೆ?"

"ಜಾತಕ ಉಂಟಲ್ಲ. ನನ್ನ ಪರಿಚಯದ ವಕೀಲರಿದ್ದಾರೆ, ಒಂದು ಅಫಿಡವಿಟ್ ಮಾಡಿಸುವ. ಸೋಮವಾರ ಅಂತ ಹೇಳಿದ್ರೆ ಸುಳ್ಳೆಂತದು? ಶಾಸ್ತ್ರಕ್ಕೆ ಸೋಮವಾರವೇ. ನಿಮ್ಮದೇ ಶಾಲೆ, ನೀವೇ ಕಾರ್ಯದರ್ಶಿ. ಕೇಳುವವರು ಯಾರು?"

ಓದುಗರಿಗೆ ನಿಜ ಹೇಳುತ್ತೇನೆ, ಆ ಕಾಫಿ ಮುಗಿಯುವವರೆಗೆ ನಾನು ಇಲ್ಲವೆನ್ನಲಿಲ್ಲ. ಬಾಟಲಿ ಇಡುತ್ತಿದ್ದ ಸುಧಾಳ ಕೈ ಕಣ್ಣಮುಂದಿತ್ತು. ಬೀಗರ ತರ್ಕದಲ್ಲಿ ತಪ್ಪೇನೂ ಕಾಣಲಿಲ್ಲ. ಆದರೆ ಹನಮಂತಪ್ಪನಿಗೂ ಒಂದು ಶಾಸ್ತ್ರ ಇದ್ದಿರಬೇಕಲ್ಲ. ಅವನಿಗೆ ವಕೀಲರ ಪರಿಚಯವಿರಲಿಲ್ಲ, ಅಷ್ಟೇ. ಎರಡೂವರೆ ಗಂಟೆ ಕಡಿಮೆಯಾದ ಮೊಮ್ಮಗಳನ್ನು ಸೇರಿಸಿಕೊಂಡರೆ ನಾಲ್ಕು ದಿನ ಕಡಿಮೆಯಾದ ಅವನ ಮಗಳನ್ನು ಯಾವ ಮುಖದಿಂದ ಹೊರಗಿಡಲಿ?

"ಕೇಳುವವ ಒಬ್ಬ ಇದ್ದಾನೆ ರಾಯರೇ, ಗಾರೆ ಕೆಲಸದವ," ಎಂದೆ.

ಬೀಗರು ಆ ಕಥೆಯನ್ನು ಪೂರ್ತಿ ಕೇಳಿದರು. ಲೋಟ ಬೋರಲು ಹಾಕಿದರು. ಆಮೇಲೆ, "ಮೊದಲೇ ಗೊತ್ತಿದ್ದರೆ ಮಂಗಳಗೌರಿ ಅಂತಾದರೂ ಹೆಸರಿಡಬಹುದಿತ್ತು," ಎಂದು ಎದ್ದರು. ನಕಲು ಪಡೆದುಕೊಂಡು, ಸಾವಂತರಿಗೆ ನನ್ನ ಉಪನ್ಯಾಸವನ್ನು ವಾಪಸು ಪಡೆದದ್ದಾಗಿ ತಿಳಿಸಿದೆ. ಅವರು ಪರವಾಗಿಲ್ಲ ಎಂದರು. ಪೂರ್ತಿ ಅರ್ಥವಾಗಿರಲಿಲ್ಲವಂತೆ.

ಪಾರ್ಲೆಗೆ ಮರಳಿ ನೇರವಾಗಿ ಶಾಲೆಗೆ ಹೋದೆ. ಅಲ್ಲಿ ಅರ್ಜಿಗಳನ್ನು ಪರಿಶೀಲಿಸುವ ಅಧಿಕಾರಿ ನಾನೇ. ಗಿರಿಜೆಯ ಅರ್ಜಿಗೆ ನಕಲನ್ನು ಲಗತ್ತಿಸಿ, ಮೇಲೆ ಕೆಂಪು ಶಾಯಿಯಲ್ಲಿ "ವಯಸ್ಸು ಸಾಲದು, ಮುಂದಿನ ವರ್ಷ" ಎಂದು ಬರೆದು ಸಹಿ ಮಾಡಿದೆ. ಅಕ್ಷರ ಚೆನ್ನಾಗಿಯೇ ಬಂತು. ಮನೆಯವರೆಗಿನ ದಾರಿ ಮಾತ್ರ ಆ ದಿನ ಉದ್ದವಾಗಿತ್ತು. ಕೊತ್ತಂಬರಿ ಕೊಳ್ಳಲು ಮರೆತೆ.

ಸುಧಾ ಬಾಗಿಲು ತೆಗೆದವಳೇ ನನ್ನ ಮುಖ ನೋಡಿ ವಿಷಯ ತಿಳಿದುಕೊಂಡಳು. ಕುಳಿತು ಎಲ್ಲವನ್ನೂ ಹೇಳಿದೆ, ಕಾಫಿಯ ಹೊತ್ತಿನ ಮಾತನ್ನೂ ಬಿಡಲಿಲ್ಲ. ಅವಳು ಅಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚಿದಳು.

"ನೀವು ಮಾಡಿದ್ದು ಸರಿ ಮಾವ. ಎಕ್ಸ್‌ಚೇಂಜಿಗೆ ನಾಳೆ ಬರೀತೇನೆ, ಈ ವರ್ಷ ಬರ್ಲಿಕ್ಕೆ ಆಗುದಿಲ್ಲ ಅಂತ."

"ಒಂದು ವರ್ಷ ಕಾಯುತ್ತಾರಾ?"

"ಅವರ್ಯಾಕೆ ಕಾಯ್ತಾರೆ."

ಅಡುಗೆಮನೆಯಿಂದ ಕಮಲ ಸೌಟು ಹಿಡಿದೇ ಹೊರಗೆ ಬಂದಳು. ನೇರವಾಗಿ ನನ್ನನ್ನೇ ಕೇಳಿದಳು, "ಬೆಳಿಗ್ಗೆ ಇಡೀ ನೀವು ಎಂತ ಮಾಡ್ತೀರಿ?"

ವಾಕಿಂಗ್, ಪತ್ರಿಕೆ, ವಾಚನಾಲಯ ಎಂದು ಕ್ರಮವಾಗಿ ಹೇಳತೊಡಗಿದೆ. ಹೇಳುತ್ತಿದ್ದಂತೆ ಪಟ್ಟಿ ನನಗೇ ಸ್ವಲ್ಪ ತೆಳ್ಳಗೆ ಕಂಡಿತು.

"ಒಂದೇ ಪೇಪರನ್ನು ಎರಡು ಸಲ ಓದುದಲ್ವಾ? ಬೆಳಗಿನ ಅಡುಗೆ ನನ್ನದು, ಬೆಳಗಿನ ಮಗು ನಿಮ್ಮದು. ಸುಧಾ, ನೀನು ಎಂತದೂ ಬರೆಯುದು ಬೇಡ. ಹೋಗು ಕೆಲಸಕ್ಕೆ."

ಸುಧಾ ನನ್ನ ಕಡೆ ನೋಡಿದಳು. ಮಾವನ ದಿನಚರಿ ಏನೆಂದು ಆ ಮನೆಗೆ ಬಂದ ದಿನದಿಂದ ಬಲ್ಲವಳು ಅವಳು. ನನ್ನ ವಾಚನಾಲಯ, ಅದರ ಕೋಲು, ಅದರ ಗಾಂಭೀರ್ಯ ಎಲ್ಲವೂ ನೆನಪಾದವು. ಗಂಟಲು ಸರಿಮಾಡಿಕೊಂಡು, ಅಂಗೀಕರಿಸಲಾಗಿದೆ ಎಂದೆ. ಅವಳು ಅಂದು ಮೊದಲ ಸಲ ನಕ್ಕಳು. ನಗುತ್ತಲೇ ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದಳು.

ರಾತ್ರಿ ಊಟವಾದ ಮೇಲೆ ಕಾಗದ, ಪೆನ್ನು, ಅಳತೆಪಟ್ಟಿ ತೆಗೆದುಕೊಂಡು ಜೂನ್ ತಿಂಗಳ ಹೊಸ ವೇಳಾಪಟ್ಟಿ ಬರೆಯಲು ಕುಳಿತೆ. ಮಗುವನ್ನು ಶಿಸ್ತಿಲ್ಲದೆ ಬೆಳೆಸಲಾದೀತೇ? ಎಂಟಕ್ಕೆ ಅಕ್ಷರಾಭ್ಯಾಸ, ಒಂಬತ್ತಕ್ಕೆ ಮಗ್ಗಿ ಎಂದು ಗೆರೆ ಎಳೆಯುತ್ತಿದ್ದಾಗ ಗಿರಿಜೆ ಬಂದು ತೊಡೆಗೆ ಆನಿಕೊಂಡಳು. ಏನು ಬರೆಯುತ್ತಿದ್ದೀಯ ಎಂದು ವಿಚಾರಿಸಿದಳು. ಹೇಳಿದೆ. ಅವಳು ಒಪ್ಪಲಿಲ್ಲ.

"ಎಂಟಕ್ಕೆ ಅಮ್ಮನ ಟ್ರೇನ್ ನೋಡ್ಲಿಕ್ಕೆ ಹೋಗುವ ಅಜ್ಜ. ಬ್ರಿಜ್ ಮೇಲೆ."

ಇಷ್ಟು ವರ್ಷ ನಾನು ಲೋಕಲಿನ ಒಳಗೆ ತೂಗಾಡಿದ್ದೇನೆ, ನಿಂತು ಅದನ್ನು ನೋಡಿದವನಲ್ಲ. ಅಮ್ಮ ಯಾವ ಡಬ್ಬಿಯಲ್ಲಿದ್ದಾಳೆಂದು ಮೇಲಿನಿಂದ ಗೊತ್ತಾಗುವುದಿಲ್ಲ ಎಂದು ತಿಳಿಸಿದೆ. ಹಾಗಾದರೆ ಎಲ್ಲ ಟ್ರೇನಿಗೂ ಟಾಟಾ ಮಾಡೋಣ ಎಂದಳು. ಇದಕ್ಕೆ ಸಮಿತಿಯಲ್ಲಿ ಯಾರೂ ವಿರೋಧ ವ್ಯಕ್ತಪಡಿಸಲಿಲ್ಲ. ಅಕ್ಷರಾಭ್ಯಾಸವನ್ನು ಹೊಡೆದುಹಾಕಿ, ಎಂಟು ಗಂಟೆಯಿಂದ, ಬ್ರಿಜ್ ಮೇಲೆ, ಎಂದು ಬರೆದೆ. ಎಷ್ಟು ಗಂಟೆಯವರೆಗೆ ಎಂಬ ಕಡೆ ಪೆನ್ನು ನಿಂತಿತು. ಕೇಳಿದೆ. ಗಿರಿಜೆ ಬಹಳ ಹೊತ್ತು ಯೋಚಿಸಿ, ಯೋಚಿಸುತ್ತಲೇ ತೊಡೆಯ ಮೇಲೆ ನಿದ್ದೆಹೋದಳು. ಆ ಜಾಗವನ್ನು ಖಾಲಿ ಬಿಟ್ಟು, ಕೆಳಗೆ ಕಾರ್ಯದರ್ಶಿ ಎಂದು ಸಹಿ ಹಾಕಿ, ಮಗುವನ್ನು ಎಚ್ಚರಗೊಳ್ಳದಂತೆ ಹೆಗಲಿಗೆ ಹಾಕಿಕೊಂಡು ಒಂದೇ ಕೈಯಲ್ಲಿ ವೇಳಾಪಟ್ಟಿಯನ್ನು ಗೋಡೆಗೆ ಅಂಟಿಸಿದೆ. ಸ್ವಲ್ಪ ಸೊಟ್ಟಗಾಯಿತು. ಹಾಗೇ ಇರಲೆಂದು ದೀಪ ಆರಿಸಿದೆ.