ಹಾಲಿಗೆ ಉಗಿಯಿರಿ ಎಂದು ಅಪ್ಪಣೆ ಕೊಡಿಸಿದವರಿಗೆ

ಕಾಫಿ ಯಂತ್ರದ ಕನ್ನಡ ಕೈಪಿಡಿಯನ್ನು ರಚಿಸಿಯೂ ಅದರ ಮೇಲೆ ಹೆಸರು ಹಾಕಿಕೊಳ್ಳದಷ್ಟು ವಿನಯವಂತರಾದ ವಿದ್ವಾಂಸರ ಸನ್ನಿಧಾನಕ್ಕೆ,

ಮಾನ್ಯರೇ,

ಕೊಳ್ಳೇಗಾಲದಿಂದ ನಿವೃತ್ತ ಕನ್ನಡ ಪಂಡಿತ ಕೆಂಪನಂಜಪ್ಪನ ಸವಿನಯ ವಂದನೆಗಳು. ತಾವು ಒಬ್ಬರೋ ಹಲವರೋ, ಸ್ತ್ರೀಯೋ ಪುರುಷರೋ, ಅಥವಾ ಈಚೆಗೆ ಎಲ್ಲರ ಪರವಾಗಿ ಎಲ್ಲವನ್ನೂ ಬರೆದುಕೊಡುತ್ತದೆಂದು ಕೇಳಿಬರುವ ಉಪಕರಣವೋ ತಿಳಿಯದಾದ್ದರಿಂದ, ಲಿಂಗ ವಚನಗಳಲ್ಲಿ ಪ್ರಮಾದವಾಗದಿರಲೆಂದು ಗೌರವಾರ್ಥಕ ಬಹುವಚನವನ್ನೇ ಬಳಸುತ್ತಿದ್ದೇನೆ. ತಮ್ಮ ಆರೋಗ್ಯ, ತಮ್ಮ ಮನೆಯವರ ಆರೋಗ್ಯ ಹಾಗೂ ತಮ್ಮ ನಿಘಂಟಿನ ಆರೋಗ್ಯ ಚೆನ್ನಾಗಿರಲೆಂದು ಹಾರೈಸುತ್ತೇನೆ. ಕೊನೆಯದರ ಬಗ್ಗೆ ಮಾತ್ರ ನನಗೆ ಕೊಂಚ ಆತಂಕವಿದೆ.

ವಿಷಯಕ್ಕೆ ಬರುವ ಮುನ್ನ ಹಿನ್ನೆಲೆಯನ್ನು ಅರಿಕೆ ಮಾಡಿಕೊಳ್ಳಬೇಕು. ನನ್ನ ಹೆಂಡತಿ ದೊಡ್ಡಬಸಮ್ಮನಿಗೆ ಹಾಲು ಒಗ್ಗುವುದಿಲ್ಲವೆಂದು ಈಚೆಗೆ ವೈದ್ಯರು ತೀರ್ಮಾನಿಸಿದರು. ಹಾಲು ಬಿಟ್ಟಳು, ಹೊಟ್ಟೆಯುಬ್ಬರ ಹೋಯಿತು. ಅದರ ಬೆನ್ನಿಗೇ ಕಾಫಿಯೂ ಹೋಯಿತು. ಹಾಲಿಲ್ಲದ ಡಿಕಾಕ್ಷನ್ನನ್ನು "ಜರ ಬಂದೋರ್ ಕಸಾಯ" ಎಂದು ಪಕ್ಕಕ್ಕೆ ಸರಿಸಿದಳು. ಇದರಲ್ಲಿ ನನ್ನ ನಷ್ಟವೇನೆಂದು ತಾವು ಕೇಳಬಹುದು. ಮದುವೆಯಾದಂದಿನಿಂದ ಬೆಳಗಿನ ಕಾಫಿಯ ಹೊತ್ತೇ ನಮ್ಮಿಬ್ಬರ ಮಾತಿನ ಹೊತ್ತು. ಜಗಲಿಯ ಮೇಲೆ ಲೋಟ ಹಿಡಿದು ಕುಳಿತಳೆಂದರೆ ಹನೂರಿನಿಂದ ಯಳಂದೂರಿನವರೆಗೆ ಯಾರ ಮನೆಯಲ್ಲಿ ಯಾರು ಮುನಿಸಿಕೊಂಡಿದ್ದಾರೆ, ಯಾರ ಮಗಳಿಗೆ ಎಲ್ಲಿಂದ ಗಂಡು ಬಂದಿದೆ ಎಂಬ ಸಮಸ್ತ ವರ್ತಮಾನವೂ ನನಗೆ ದೊರೆಯುತ್ತಿತ್ತು. ಲೋಟ ಕೆಳಗಿಟ್ಟರೆ ಸಭೆ ಮುಗಿಯುತ್ತಿತ್ತು. ಲೋಟವೇ ಇಲ್ಲವಾದ ಮೇಲೆ ಸಭೆ ಸೇರುವುದೇ ನಿಂತುಹೋಯಿತು. ಅವಳು ಎದ್ದವಳೇ ನೇರವಾಗಿ ಕೆಲಸಕ್ಕೆ ತೊಡಗುವಳು. ಕರೆದರೆ "ನೀವ್ ಕುಡೀರಿ, ನಂಗೇನು" ಎನ್ನುವಳು. ನಾನು ಒಬ್ಬನೇ ಕುಳಿತು, ದಿನಪತ್ರಿಕೆಯ ಕಾಗುಣಿತದ ತಪ್ಪುಗಳ ಸಹವಾಸದಲ್ಲಿ ಕಾಫಿ ಕುಡಿಯುವುದನ್ನು ಅಭ್ಯಾಸ ಮಾಡಿಕೊಂಡೆ. ತಪ್ಪುಗಳು ಸಾಕಷ್ಟಿದ್ದವು, ಆದರೂ ಬೆಳಗು ತುಂಬುತ್ತಿರಲಿಲ್ಲ.

ಆಗ ಸೋಯಾ ಹಾಲಿನ ಸುದ್ದಿ ಕಿವಿಗೆ ಬಿತ್ತು. ಅದನ್ನು ಒಲೆಯ ಮೇಲೆ ಕಾಯಿಸಿದರೆ ನೀರುನೀರಾಗಿ ಹಸಿಕಾಳಿನ ವಾಸನೆ ಹೊಡೆಯುತ್ತದೆಂದೂ, ಯಂತ್ರದಿಂದ ಬಿಸಿ ಆವಿಯನ್ನು ಹಾಯಿಸಿ ಸಣ್ಣ ನೊರೆ ಎಬ್ಬಿಸಿದರೆ ಹಸುವಿನ ಹಾಲಿನಂತೆ ಮಂದವಾಗುತ್ತದೆಂದೂ ಅಂಗಡಿಯವರು ಭರವಸೆಯಿತ್ತರು. ತಮ್ಮ ಕಂಪನಿಯ ಯಂತ್ರವನ್ನು ಮೈಸೂರಿನಿಂದ ತರಿಸಿದೆ. ನಮಗೆ ಹಾಲು ಹಾಕುವ ಚಾಮುಂಡಮ್ಮನಿಗೆ ಇದು ರುಚಿಸಲಿಲ್ಲ. ಸೋಯಾ ಹಾಲಿನ ಡಬ್ಬವನ್ನು ತಿರುಗಿಸಿ ಮುರುಗಿಸಿ ನೋಡಿ, "ಅಸ ಕಟ್ದೆ ಉಲ್ಲಾಕ್ದೆ ಆಲ್ ಬತ್ತದಾ ಸಾ? ಇದು ಕಾಳ್ ಬೇಯ್ಸಿ ಬಸ್ದ ಕಟ್ಟು ಕಣ್ ಸಾ. ಬಸ್ಸಾರ್ ಮಾಡ್ಕಳಿ, ಮುದ್ದೆಗ್ ಚೆಂದಾಗಿರ್ತದೆ" ಎಂದಳು. ಹಾಲೆಂಬ ಶಬ್ದದ ವ್ಯಾಪ್ತಿಯನ್ನು ಕುರಿತು ಅವಳಿಗೆ ಒಂದು ಸಣ್ಣ ಉಪನ್ಯಾಸವನ್ನೇ ಕೊಟ್ಟೆ. ತೆಂಗಿನಕಾಯಿ ಹಾಲು ಕೊಡುವುದಾದರೆ, ಎಕ್ಕದ ಗಿಡ ಹಾಲು ಸುರಿಸುವುದಾದರೆ, ಸೋಯಾ ಏನು ಪಾಪ ಮಾಡಿದೆ ಎಂದು ಕೇಳಿದೆ. "ಎಕ್ಕದಾಲಲ್ಲಿ ಯಾರ್ ಸಾ ಕಾಫಿ ಕಾಯಸ್ತರೆ?" ಎಂದು ಪಾತ್ರೆ ಎತ್ತಿಕೊಂಡು ಹೊರಟುಹೋದಳು.

ಪೆಟ್ಟಿಗೆ ತೆರೆದಾಗ ತಮ್ಮ ಕೃತಿ ದೊರೆಯಿತು. ಕನ್ನಡದಲ್ಲಿ ಕೈಪಿಡಿಯೊಂದನ್ನು ಕಂಡ ನನ್ನ ಸಂತೋಷ ಸಣ್ಣದಲ್ಲ. ಕನ್ನಡಕ ಒರೆಸಿಕೊಂಡು, ಅಡುಗೆಮನೆಯ ನಡುವೆ ನಿಂತು, ದೊಡ್ಡಬಸಮ್ಮನಿಗೂ ಕೇಳಲೆಂದು ತರಗತಿಯ ಧ್ವನಿಯಲ್ಲಿ ಮೊದಲ ಸೂಚನೆಯನ್ನು ಓದಿದೆ: "ಈಗ ಹಾಲಿಗೆ ಚೆನ್ನಾಗಿ ಉಗಿಯಿರಿ."

ವ್ಯಾಕರಣದ ದೃಷ್ಟಿಯಿಂದ ಈ ವಾಕ್ಯದಲ್ಲಿ ಒಂದು ಕುಂದನ್ನೂ ಹೆಕ್ಕಲಾರೆ. ಮಧ್ಯಮ ಪುರುಷ, ಬಹುವಚನ, ವಿಧ್ಯರ್ಥ. ಕ್ರಿಯಾವಿಶೇಷಣವೂ ತನ್ನ ಸ್ಥಾನದಲ್ಲೇ ಕುಳಿತಿದೆ. ಕುದಿಯುವ ನೀರಿನಿಂದೇಳುವ ಉಗಿಯೆಂಬ ಸಾಧು ನಾಮಪದವನ್ನು ಹಿಡಿದು ಕ್ರಿಯಾಪದವಾಗಿಸುವ ಉತ್ಸಾಹದಲ್ಲಿ, ಅದೇ ರೂಪದ ಕ್ರಿಯಾಪದವೊಂದು ಕನ್ನಡಿಗರ ಬಾಯಲ್ಲಿ ತಲೆತಲಾಂತರದಿಂದ ನೆಲೆಸಿದೆ, ಎಲೆಯಡಿಕೆ ಜಗಿಯುವವರಿಗೂ ಮನೆಗೆ ತಡವಾಗಿ ಬರುವ ಗಂಡಂದಿರಿಗೂ ಅದರ ಅರ್ಥ ಚೆನ್ನಾಗಿ ಗೊತ್ತು ಎಂಬುದು ತಮಗೆ ಹೊಳೆಯದೆ ಹೋಗಿರಬಹುದು. ನಾನು ಮೊದಲು ಕೆಲಸ ಮಾಡಿದ್ದು ಕಾಡಂಚಿನ ಹೂಗ್ಯಂನಲ್ಲಿ. ಅಲ್ಲಿನ ಎಷ್ಟೋ ಮಕ್ಕಳು ಮನೆಯಲ್ಲಿ ತಮಿಳಾಡಿ ಶಾಲೆಯಲ್ಲಿ ಕನ್ನಡ ಬರೆಯುತ್ತಿದ್ದರು. ವಿಭಕ್ತಿ ತಪ್ಪುತ್ತಿದ್ದರು, ಒತ್ತಕ್ಷರ ನುಂಗುತ್ತಿದ್ದರು. ಆದರೆ ಅವರಲ್ಲಿ ಒಬ್ಬರೂ ಯಾವ ಪ್ರಬಂಧದಲ್ಲಿಯೂ ಹಾಲಿಗೆ ಉಗಿಯಲಿಲ್ಲ. "ಉಗಿಯೋದಾದ್ರೆ ಇತ್ಲಿಗೋಗಿ ಉಗ್ದು ಬನ್ನಿ ಮೇಷ್ಟ್ರೇ, ಒಲೆ ತಾವ ಬ್ಯಾಡ" ಎಂದು, ನನ್ನ ಓದು ಕೇಳಿದ ದೊಡ್ಡಬಸಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಎಷ್ಟೋ ದಿನಗಳ ಮೇಲೆ ಅವಳು ನಕ್ಕದ್ದು ಅದೇ ಮೊದಲಾದ್ದರಿಂದ ಆ ಪುಣ್ಯದ ಪಾಲನ್ನು ತಮಗೆ ಸಲ್ಲಿಸಲೇಬೇಕು.

ಮುಂದಿನ ಸೂಚನೆ ಇನ್ನೂ ಗಹನವಾಗಿತ್ತು. "ಉಗಿಯುವಾಗ ಮೂಗನ್ನು ಹಾಲಿನ ಮೇಲ್ಮೈಯಿಂದ ತುಸು ಕೆಳಗೆ ಅದ್ದಿ ಹಿಡಿಯಿರಿ" ಎಂದಿದ್ದೀರಿ. ಯಾರ ಮೂಗು ಎಂಬುದನ್ನು ಹೇಳಬೇಕಾದ ಷಷ್ಠೀ ವಿಭಕ್ತಿಯನ್ನು ಕೈಬಿಟ್ಟದ್ದು ಕಾವ್ಯದಲ್ಲಾದರೆ ಧ್ವನಿಯೆನಿಸಿಕೊಳ್ಳುತ್ತಿತ್ತು. ಬಿಸಿ ಆವಿ ಕಾರುವ ಯಂತ್ರದ ಮುಂದೆ ನಿಂತ ಮುದುಕನಿಗೆ ಅದು ಜೀವನ್ಮರಣದ ಪ್ರಶ್ನೆ. ಕೊಳವೆಯ ತುದಿಗೆ ತಾವು ಮೂಗೆಂದು ನಾಮಕರಣ ಮಾಡಿರುವಿರೆಂದು ನಾನು ಊಹಿಸಿಕೊಂಡದ್ದರಿಂದ ನನ್ನ ಸ್ವಂತ ಮೂಗು ಇನ್ನೂ ಸ್ವಸ್ಥಾನದಲ್ಲಿದೆ. ಕೆಲಸ ಮುಗಿದ ಮೇಲೆ "ದಂಡಕ್ಕೆ ವಿರೇಚನ ಮಾಡಿಸಿ" ಎಂದೂ ಆಜ್ಞಾಪಿಸಿದ್ದೀರಿ. ಕೊಳವೆಯಲ್ಲಿ ಉಳಿದ ಹಾಲನ್ನು ಆವಿ ಬಿಟ್ಟು ಹೊರಹಾಕಬೇಕೆಂದು ಇದರ ಅರ್ಥವಂತೆ. ನಮ್ಮ ಕಡೆ ವಿರೇಚನಕ್ಕೆ ಹರಳೆಣ್ಣೆ ಕುಡಿಸುತ್ತಾರೆ. ಪ್ರಮಾಣವೆಷ್ಟೆಂದು ತಾವು ಬರೆದಿರಲಿಲ್ಲ.

ತಮ್ಮ ಪ್ರತಿಭೆಯ ಶಿಖರವೆಂದರೆ "ನಂತರ ಹಾಲಿಗೆ ರೇಷ್ಮೆಯಂಥ ನೇಯ್ಗೆ ಕೊಡಿ" ಎಂಬ ವಾಕ್ಯ. ಇದನ್ನು ಬೇರೆ ಊರಿನವರು ಓದಿದ್ದರೆ ಮುಂದಕ್ಕೆ ಹೋಗಿಬಿಡುತ್ತಿದ್ದರು. ನಾನಿರುವುದು ಕೊಳ್ಳೇಗಾಲದಲ್ಲಿ, ರೇಷ್ಮೆ ಸೀರೆ ನೇಯುವ ಮಗ್ಗದ ಸದ್ದಿಗೆ ಎದ್ದು, ಅದೇ ಸದ್ದಿಗೆ ಮಲಗಿದವನು. ಹಾಲಿನಲ್ಲಿ ಹಾಸು ಯಾವುದು, ಹೊಕ್ಕು ಯಾವುದು, ಜರಿಯಂಚು ಎಷ್ಟು ಬೆರಳಗಲ ಬರಬೇಕು, ಸೆರಗನ್ನು ಲೋಟದ ಯಾವ ಕಡೆಗೆ ಇಳಿಬಿಡಬೇಕು ಎಂಬುದನ್ನು ತಿಳಿಸಿದ್ದರೆ ನಮ್ಮ ಬೀದಿಯ ನೇಕಾರರನ್ನಾದರೂ ಕರೆಸುತ್ತಿದ್ದೆ. ಹಾಲಿನ ಪಾತ್ರೆಗೆ ಹೂಜಿ ಎಂದಿರಿ. ಶಬ್ದನಿಷ್ಠನಾದ ನಾನು ಅಟ್ಟದಿಂದ ಮಣ್ಣಿನ ಹೂಜಿಯನ್ನೇ ಇಳಿಸಿದೆ. "ಗುಳ್ಳೆಗಳು ಒಡೆಯುವಂತೆ ಹೂಜಿಯನ್ನು ಮೇಜಿಗೆ ಕುಟ್ಟಿ" ಎಂದಿರಿ, ಕುಟ್ಟಿದೆ. ಗುಳ್ಳೆಗಳು ಒಡೆದವು. ಗುಳ್ಳೆಗಳೊಂದೇ ಒಡೆಯಲಿಲ್ಲ ಎಂಬುದನ್ನು ತಾವು ಊಹಿಸಬಲ್ಲಿರಿ.

ಇಷ್ಟಾಗಿಯೂ ಸೋಯಾ ಹಾಲಿನ ವಿಷಯದಲ್ಲಿ ತಾವು ಬರೆದದ್ದು ಒಂದೇ ವಾಕ್ಯ: "ಪರ್ಯಾಯ ಹಾಲುಗಳ ವರ್ತನೆ ಭಿನ್ನವಾಗಿರಬಹುದು." ಹುಡುಗರಿಗೆ ನಡತೆಯ ಪ್ರಮಾಣಪತ್ರ ಬರೆದುಕೊಟ್ಟವನಾದ್ದರಿಂದ ಈ ವಾಕ್ಯದೊಳಗಿನ ಕಳ್ಳತನ ನನಗೆ ಗೊತ್ತು, ಪುಂಡನನ್ನು ಬೇರೆ ಶಾಲೆಗೆ ಸಾಗಹಾಕುವಾಗ ನಾವೂ ಹೀಗೆಯೇ ಬರೆಯುತ್ತಿದ್ದೆವು. ಸ್ಟೀಲ್ ಚೊಂಬು ಹಿಡಿದು ಮೊದಲ ಸಲ ಮಾಡಿದಾಗ ಸೋಯಾ ಹಾಲು ಕೊತಕೊತ ಕಾದು, ಡಿಕಾಕ್ಷನ್ನಿಗೆ ಬಿದ್ದೊಡನೆ ಒಡೆದು, ತೇಲುವ ಚೂರುಗಳಾಯಿತು. ದೊಡ್ಡಬಸಮ್ಮ ಇಣುಕಿ ನೋಡಿ, "ಕಾಫಿಗೂ ವಗ್ಗರಣೆ ಆಕುದ್ರಾ?" ಎಂದು ಕೇಳಿದಳು. ಮತ್ತೊಮ್ಮೆ ಮಾಡಿದಾಗ ನೊರೆ ಎಷ್ಟು ಗಟ್ಟಿಯಾಯಿತೆಂದರೆ ಚಮಚ ನೆಟ್ಟಗೆ ನಿಂತಿತು. "ಇದು ಕುಡಿಯಕ್ಕಾ, ತಲೆಗ್ ತಿಕ್ಕಳಕ್ಕಾ?" ಎಂದಳು. ಹೀಗೆ ದಿನವೂ ಒಂದು ಗುಟುಕು ಹೀರಿ, ಮುಖ ಕಿವುಚಿ, ಕೆಲಸಕ್ಕೆ ಎದ್ದುಹೋಗುತ್ತಿದ್ದವಳು ಕೊನೆಗೊಂದು ದಿನ, "ಸಾಕು ಬುಡಿ. ನಾಳಿಕ್ ಒಂದ್ಸಲ ನೋಡ್ತೀನಿ, ಸರಿ ಬರ್ನಿಲ್ಲ ಅಂದ್ರೆ ನಾನ್ ಕಾಫಿನೇ ಮರ್ತುಬುಡ್ತೀನಿ. ನೀವೂ ಮರ್ತುಬುಡಿ" ಎಂದಳು. ಅವಳ ಧ್ವನಿಯಲ್ಲಿ ತಮಾಷೆಯಿರಲಿಲ್ಲ.

ಗಾಬರಿಗೊಂಡ ನಾನು ತಮ್ಮ ಸಹಾಯವಾಣಿಗೆ ಕರೆಮಾಡಿ ನನ್ನ ಬೇಡಿಕೆಗಳನ್ನು ಸಲ್ಲಿಸಿದೆ. ತಾವು ಸೂಚಿಸಿದ ವಿಧಾನದಲ್ಲಿ ಸಭ್ಯವಾಗಿ ಉಗಿಯಬಲ್ಲ ಅನುಭವಸ್ಥ ಅಧಿಕಾರಿಯೊಬ್ಬರನ್ನು ಕೊಳ್ಳೇಗಾಲಕ್ಕೆ ನಿಯೋಜಿಸಬೇಕೆಂದೂ, ಅವರು ಬರುವಾಗ ಅದ್ದುವುದಕ್ಕೆ ಒಂದು ಹೆಚ್ಚುವರಿ ಮೂಗನ್ನೂ ಹಾಲು ನೇಯುವುದಕ್ಕೆ ಒಂದು ಲಾಳಿಯನ್ನೂ ಜೊತೆಗೆ ತರಬೇಕೆಂದೂ, ಅಷ್ಟರೊಳಗೆ ಸೋಯಾ ಹಾಲನ್ನು ಕರೆಸಿ ಅದರ ವರ್ತನೆಯ ಬಗ್ಗೆ ಬುದ್ಧಿ ಹೇಳಬೇಕೆಂದೂ ಕೋರಿದೆ. ಎದುರಿನ ಧ್ವನಿ ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡಿತು. ಸಂಜೆಯ ಹೊತ್ತಿಗೆ ನನ್ನ ಫೋನಿಗೆ ತಮ್ಮ ಶೈಲಿಯಲ್ಲೇ ಒಂದು ಸಂದೇಶ ಬಂತು: "ನಿಮ್ಮ ದೂರನ್ನು ಯಶಸ್ವಿಯಾಗಿ ಮುಚ್ಚಲಾಗಿದೆ." ದೂರನ್ನು ಮುಚ್ಚುವುದರಲ್ಲಿಯೂ ಯಶಸ್ಸನ್ನು ಕಾಣುವ ತಮ್ಮ ಸಂಸ್ಥೆಯ ಆಶಾವಾದಕ್ಕೆ ತಲೆಬಾಗುತ್ತೇನೆ.

ಬೇರೆ ದಾರಿಯಿಲ್ಲದೆ ಆ ರಾತ್ರಿ ಯಂತ್ರದ ಮುಂದೆ ನಿಂತು, ನನಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ನೆಚ್ಚಿದೆ: ಕಿವಿಗೊಟ್ಟು ಕೇಳುವುದು. ಕೊಳವೆಯ ತುದಿ ಹಾಲಿನ ಮೈಯನ್ನು ಸರಿಯಾಗಿ ತಾಗಿದಾಗ ಯಂತ್ರವು ಸ್ಪಷ್ಟವಾದ ಸಕಾರವನ್ನು ನುಡಿಯುತ್ತದೆ. ತುದಿ ಮೇಲೇರಿದರೆ ಅದು ಒರಟು ಷಕಾರವಾಗಿ ದೊಡ್ಡ ಗುಳ್ಳೆಗಳನ್ನು ಉಗುಳುತ್ತದೆ. ತಳಕ್ಕಿಳಿದರೆ ನಮ್ಮ ವರ್ಣಮಾಲೆಯಲ್ಲಿ ಎಡೆಯಿಲ್ಲದ ಒಂದು ಕಿರುಚನ್ನು ಹೊರಡಿಸುತ್ತದೆ. ಸೋಯಾ ಹಾಲಿಗೆ ಸಕಾರ ಸ್ವಲ್ಪವೇ ಸಾಕು, ಹೆಚ್ಚಾದರೆ ಗಟ್ಟಿನೊರೆ. ಆಮೇಲೆ ತುದಿಯನ್ನು ಒಂದಿಷ್ಟು ಮುಳುಗಿಸಿ, ಚೊಂಬನ್ನು ಓರೆಮಾಡಿದರೆ ಹಾಲು ಸುಳಿಯಂತೆ ತಿರುಗುತ್ತ, ಸಕಾರ ಅಡಗಿ, ತುಟಿ ಮುಚ್ಚಿ ನುಡಿದ ಅನುಸ್ವಾರದಂತೆ ಗುಂಯ್‌ಗುಡುತ್ತದೆ. ಚೊಂಬಿನ ಬದಿಗೆ ಒತ್ತಿದ ಅಂಗೈಗೆ ಬಿಸಿ ಇನ್ನೇನು ತಡೆಯದು ಎನ್ನಿಸುವ ಮುನ್ನವೇ ನಿಲ್ಲಿಸಬೇಕು; ಡಿಕಾಕ್ಷನ್ನೂ ಸುಡುತ್ತಿರದೆ ತುಸು ಆರಿರಬೇಕು. ಇಷ್ಟೇ, ಮಾನ್ಯರೇ. ಇದರಲ್ಲಿ ಉಗುಳುವಂಥದ್ದೂ ಇಲ್ಲ, ನೇಯುವಂಥದ್ದೂ ಇಲ್ಲ.

ಮರುದಿನ ಬೆಳಿಗ್ಗೆ ಲೋಟವನ್ನು ಅವಳ ಮುಂದಿಟ್ಟು, ಫಲಿತಾಂಶದ ಹಲಗೆಯ ಮುಂದೆ ನಿಂತ ಹುಡುಗನಂತೆ ನಿಂತೆ. ಮೊದಲ ಗುಟುಕಿಗೆ ಮುಖ ಕಿವುಚಲಿಲ್ಲ. ಎರಡನೆಯದನ್ನು ನಾನು ಹೇಳದೆಯೇ ಕುಡಿದಳು. ಬಾಗಿಲಲ್ಲಿ ನಿಂತಿದ್ದ ಚಾಮುಂಡಮ್ಮ "ಯಂಗದೆ ಅಕ್ಕಾ?" ಎಂದರೆ, "ಸುಮ್ಕಿರು ಚಾಮುಂಡಿ, ಆರೋಯ್ತದೆ" ಎಂದಳು. ಇದನ್ನು ಹೊಗಳಿಕೆಯೆಂದು ಯಾವ ಅಲಂಕಾರಶಾಸ್ತ್ರವೂ ಒಪ್ಪದು. ಆದರೆ ಕಾಫಿ ಆರಿಹೋಗುವ ಚಿಂತೆ ಅದನ್ನು ಕುಡಿಯಬೇಕೆಂದಿರುವವರಿಗೆ ಮಾತ್ರ ಇರುತ್ತದೆ. ಲೋಟ ಹಿಡಿದು ಜಗಲಿಗೆ ಬಂದಳು, ಕುಳಿತಳು. "ಕೇಳುದ್ರಾ, ಅಗರದಲ್ಲಿ ನಮ್ ತಂಗಿ ಓರ್ಗಿತ್ತಿ ಒಸ ಮನೇಲಿ ಆಲುಕ್ಕುಸ್ಕಂಡ್ಳಂತೆ, ನಂಗೊಂದ್ ಮಾತ್ ಏಳ್ನಿಲ್ಲ ನೋಡಿ!" ಎಂದು ಶುರುಮಾಡಿದಳು. ಆ ಒಂದು ವಾಕ್ಯದಲ್ಲಿ ಎಷ್ಟು ಹಕಾರಗಳು ನೆಲಕ್ಕೆ ಉದುರಿದವೆಂಬುದನ್ನು ತಾವೇ ನೋಡಿಕೊಳ್ಳಿ. ಜೀವಮಾನವೆಲ್ಲ ಉದುರಿದ ಹಕಾರಗಳನ್ನು ಹೆಕ್ಕಿ ಹೆಕ್ಕಿ ಕೊಟ್ಟ ನಾನು ಅಂದು ಒಂದಕ್ಕೂ ಬಗ್ಗಲಿಲ್ಲ.

ಆ ರಿಯಾಯಿತಿ ಅವಳೊಬ್ಬಳಿಗೆ ಮಾತ್ರ ಸಲ್ಲುತ್ತದೆ, ತಮಗಲ್ಲ. ಕೈಪಿಡಿಯ ಮೂಲಪ್ರತಿಯನ್ನು ಕೆಂಪು ಮಸಿಯಲ್ಲಿ ತಿದ್ದಿ ಇದರೊಡನೆ ಲಗತ್ತಿಸಿದ್ದೇನೆ. ಕಪ್ಪು ಮಸಿ ಅಲ್ಲಲ್ಲಿ ಇನ್ನೂ ಕಾಣಿಸಿದರೆ ಕ್ಷಮಿಸಬೇಕು.

ತಮ್ಮ ವಿಶ್ವಾಸಿ, ತಮ್ಮ ಅನುವಾದದ ಮೇಲೆ ಮಾತ್ರ ಯಾವ ವಿಶ್ವಾಸವೂ ಇಲ್ಲದ,
ಕೆಂಪನಂಜಪ್ಪ
ಕೊಳ್ಳೇಗಾಲ

ಮರೆತಿದ್ದ ಮಾತು: ಈ ಪತ್ರದ ಅರ್ಥ ತಿಳಿಯಲು, ಕೈಪಿಡಿಯನ್ನು ಕನ್ನಡಕ್ಕಿಳಿಸಿರಬಹುದಾದ ಉಪಕರಣಕ್ಕೇ ದಯವಿಟ್ಟು ಇದನ್ನು ಒಪ್ಪಿಸಬೇಡಿ. ಅದು ಪದಕ್ಕೆ ಪದ ಓದಿ, ಗ್ರಾಹಕರೊಬ್ಬರು ಅನುವಾದಕರ ಪಾಂಡಿತ್ಯವನ್ನು ಮನಸಾರೆ ಕೊಂಡಾಡಿದ್ದಾರೆಂದು ವರದಿ ಮಾಡೀತು. ತಾವೂ ಅದನ್ನು ನಂಬಿ, ಮುಂದಿನ ಮುದ್ರಣದ ಬೆನ್ನಿಗೆ ಆ ಪ್ರಶಂಸೆಯನ್ನು ನನ್ನ ಹೆಸರು ಸಮೇತ ಅಚ್ಚು ಹಾಕಿಸಿಬಿಟ್ಟೀರಿ.