ವ್ಯಾಲೆಂಟೈನ್ ಸ್ವಾಮಿಯ ವ್ರತಕಥೆ

ಇಡೀ ಜರ್ಮನಿಯಲ್ಲಿ ಸಂತ ವ್ಯಾಲೆಂಟೈನನಿಗೆ ಮಡಿಯುಟ್ಟು ಮಂಗಳಾರತಿ ಎತ್ತುವ ಮಹಾನುಭಾವರು ಒಬ್ಬರೇ, ಅವರು ನನ್ನ ಸೋದರಮಾವ! ನಗಬೇಡಿ. ಯೇನಾ ಎಂಬ ಊರಿನಲ್ಲಿ ಜೀವಮಾನವೆಲ್ಲ ಲೆನ್ಸುಗಳ ಜೊತೆ ಕಳೆದು ನಿವೃತ್ತರಾದ ವಿಜ್ಞಾನಿ. ತಲೆ ನೆಟ್ಟಗಿದೆ. ಆದರೆ ಫೆಬ್ರವರಿ ಹದಿನಾಲ್ಕು ಬಂತೆಂದರೆ, ಊರಿನ ಗಂಡಸರೆಲ್ಲ ಗುಲಾಬಿ ಹಿಡಿದು ಓಡಾಡುವಾಗ ಇವರು ಒಲೆ ಮುಂದೆ ರವೆ ಹುರಿಯುತ್ತಿರುತ್ತಾರೆ. ಎಲ್ಲ ಸತ್ಯನಾರಾಯಣ ವ್ರತದ ಕ್ರಮವೇ. ಕಲಶ, ಕಥೆ, ಆಮೇಲೆ ಸಜ್ಜಿಗೆ. ಕಥೆ ಪೂರ್ತಿ ಕೇಳದವರಿಗೆ ಪ್ರಸಾದವಿಲ್ಲ. ಪಕ್ಕದ ಮನೆಯ ಜರ್ಮನ್ ಅಜ್ಜಿ ಒಂದಕ್ಷರ ಅರ್ಥವಾಗದ ಕನ್ನಡವನ್ನು ಕೈಮುಗಿದು ಕೇಳಿ, ಸಜ್ಜಿಗೆಯನ್ನು ಎರಡು ಸಲ ಹಾಕಿಸಿಕೊಳ್ಳುತ್ತಾರೆ.

“ಇದೇನು ಮಾವ ಹುಚ್ಚು?” ಅಂದರೆ, “ಅವರ ಊರಲ್ಲಿ ಅನ್ನ ತಿಂತೀವಿ, ಅವರ ಸಂತನಿಗೊಂದು ಸಜ್ಜಿಗೆ ಬೇಡ್ವೇನೇ?” ಅನ್ನುತ್ತಾರೆ.

ಒಮ್ಮೆ ನಾನೂ ವಾದಕ್ಕಿಳಿದೆ. “ಆ ಹೆಸರಿನವರು ಒಬ್ಬರಲ್ಲ, ಇಬ್ಬರೋ ಮೂವರೋ ಇದ್ದರಂತಲ್ಲ ಮಾವ?”

“ಇರಲಿ ಬಿಡು. ದತ್ತಾತ್ರೇಯನಿಗೆ ಮೂರು ತಲೆ ಇಲ್ವಾ?”

ಹಿಂದೆ ಈ ಕಡೆಯ ಜನ ಮೂರ್ಛೆರೋಗಕ್ಕೂ ವ್ಯಾಲೆಂಟೈನನಿಗೇ ಹರಕೆ ಹೊರುತ್ತಿದ್ದರಂತೆ. “ಪ್ರೀತಿ ಇಲಾಖೆ ಆಮೇಲೆ ಸಿಕ್ಕಿದ್ದು, ಮೊದಲು ಮೂರ್ಛೆ ಇಲಾಖೆ. ಎರಡಕ್ಕೂ ಏನು ಮಹಾ ವ್ಯತ್ಯಾಸ?” ಎಂದು ಮಾವ ಗಹಗಹಿಸಿದರು. ಮದುವೆಯೇ ಆಗದ ಮನುಷ್ಯ, ಮಾತು ನೋಡಿ!

ಈ ವರ್ಷದ ವ್ರತ ಮಾತ್ರ ನನಗೋಸ್ಕರ ನಡೆಯಿತು. ಫ್ರಾಂಕ್‌ಫರ್ಟಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಯೋನಾಸ್‌ನನ್ನು ಮದುವೆಯಾಗುತ್ತೇನೆ ಎಂದಾಗಿನಿಂದ ಮೈಸೂರಿನಲ್ಲಿ ಅಪ್ಪ ನನ್ನ ಜೊತೆ ಮಾತು ಬಿಟ್ಟಿದ್ದರು. ಸ್ಟಾಂಡೆಸಾಮ್ಟ್, ಅಂದರೆ ಇಲ್ಲಿನ ಮದುವೆ ನೋಂದಣಿ ಕಚೇರಿ, ದಿನ ಕೊಟ್ಟಾಗಿತ್ತು. ಆದರೆ ಅಪ್ಪನ ಆಶೀರ್ವಾದವಿಲ್ಲದೆ ಸಹಿ ಹಾಕಲು ನನ್ನ ಕೈ ಏಳುವ ಹಾಗಿರಲಿಲ್ಲ. ಮಾವನಿಗೆ ಫೋನ್ ಮಾಡಿ ಅತ್ತುಬಿಟ್ಟೆ.

“ಅಳಬೇಡ ಪುಟ್ಟಿ, ಅವನನ್ನ ಕರ್ಕೊಂಡು ವ್ರತಕ್ಕೆ ಬಾ,” ಅಂದರು ಮಾವ.

ಹೋದೆವು. ಯೋನಾಸ್‌ಗೆ ಮಾವನೇ ಪಂಚೆ ಉಡಿಸಿ, ಜಾರದಿರಲಿ ಅಂತ ಮೇಲೊಂದು ಬೆಲ್ಟ್ ಬಿಗಿದರು. ಆಮೇಲೆ ಮೈಸೂರಿಗೆ ವಿಡಿಯೋ ಕಾಲ್ ಮಾಡಿದರು. “ಭಾವ, ವ್ರತ ಇಟ್ಕೊಂಡಿದೀನಿ, ಕಥೆಗೆ ಕೂತ್ಕೊಳ್ಳಿ.” ಬೇರೆ ಯಾವುದಕ್ಕೆ ಕರೆದಿದ್ದರೂ ಅಪ್ಪ ಬರುತ್ತಿರಲಿಲ್ಲ. ವ್ರತ ಅಂದಮೇಲೆ ಬಿಟ್ಟಾರೆಯೇ? ಮಡಿಯುಟ್ಟು, ಮುಷ್ಟಿಯಲ್ಲಿ ಅಕ್ಷತೆ ಹಿಡಿದು ಮಣೆಯ ಮೇಲೆ ಕೂತರು. ಅಮ್ಮ ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿದಳು. ನಾವಿಬ್ಬರು ಕ್ಯಾಮೆರಾಕ್ಕೆ ಕಾಣದ ಹಾಗೆ ಮೂಲೆಯಲ್ಲಿದ್ದೆವು.

“ರೋಮಾಪುರಿಯಲ್ಲಿ ಒಬ್ಬ ಚಕ್ರವರ್ತಿ,” ಮಾವ ಶುರು ಹಚ್ಚಿಕೊಂಡರು. “ಹೆಂಡತಿ ಇದ್ದವರು ಯುದ್ಧಕ್ಕೆ ಬರೋದಿಲ್ಲ ಅಂತ ಸೈನಿಕರ ಮದುವೆಯನ್ನೇ ನಿಲ್ಲಿಸಿಬಿಟ್ಟ! ಆಗ ಒಬ್ಬ ಮಹಾತ್ಮ ಕದ್ದುಮುಚ್ಚಿ ಮದುವೆ ಮಾಡಿಸ್ತಿದ್ದ. ವಾಲಗ ಇಲ್ಲ, ಊಟ ಇಲ್ಲ...”

ಅಪ್ಪನ ಹುಬ್ಬು ಮೇಲೇರಿತು. “ಇದು ಯಾವ ಪುರಾಣಾನಯ್ಯಾ?”

“ಕಥೆ ಮಧ್ಯೆ ಮಾತಾಡಬಾರದು ಭಾವ.”

ಅಪ್ಪ ಅಕ್ಷತೆಯ ಮುಷ್ಟಿ ಬಿಗಿ ಹಿಡಿದು ಕೂತರು! ಕಥೆಯ ಮಧ್ಯೆ ಜನ್ಮದಲ್ಲಿ ಎದ್ದವರಲ್ಲ ಅವರು. ಮಾವ ಸಿಕ್ಕಿಬಿದ್ದ ಮಹಾತ್ಮನ ಜೊತೆ ಕಥೆಯನ್ನು ಸೆರೆಮನೆಗೆ ಒಯ್ದರು, ಕಾವಲುಗಾರನ ಕುರುಡು ಮಗಳಿಗೆ ಆ ಮಹಾತ್ಮನಿಂದ ದೃಷ್ಟಿ ಕೊಡಿಸಿದರು. “ಅದೂ ಲೆನ್ಸೇ ಇಲ್ಲದೆ!” ಎಂದು ಹೊಟ್ಟೆಕಿಚ್ಚೂ ಪಟ್ಟರು. ಕೊನೆಗೆ ಚಕ್ರವರ್ತಿ ಮಹಾತ್ಮನ ತಲೆ ತೆಗೆಸಿದ. “ತಲೆ ಹೋಯ್ತು ಭಾವ, ಆದ್ರೆ ಅವನು ಮಾಡಿಸಿದ ಮದುವೆ ಒಂದನ್ನೂ ಆ ಚಕ್ರವರ್ತಿ ಕೈಲಿ ಅಳಿಸೋಕೆ ಆಗಲಿಲ್ಲ.”

ಆಮೇಲೆ ನಮ್ಮಿಬ್ಬರನ್ನೂ ಎಳೆದು ಫೋನಿನ ಮುಂದೆ ಕೂರಿಸಿದರು. “ಕಥೆ ಮುಗೀತು. ಕೈಲಿರೋ ಅಕ್ಷತೆ ಹಾಕಬೇಕು ಭಾವ. ನೆಲಕ್ಕೆ ಚೆಲ್ಲೋ ಹಾಗಿಲ್ಲ.”

ನಾನು ತಲೆ ಬಗ್ಗಿಸಿದೆ. ನೋಡಲು ಧೈರ್ಯವಿರಲಿಲ್ಲ. ಅಪ್ಪ ಎದ್ದು ಹೋದರೆ? ಆ ಕಡೆ ಮಣೆ ಸರಿದ ಸದ್ದಾಯಿತು. ಆಮೇಲೆ ಅಪ್ಪನ ದನಿ, ಒರಟಾಗಿ:

“ಆ ಹುಡುಗನ ತಲೆ ಕಾಣ್ತಾ ಇಲ್ಲ. ಇನ್ನೂ ಸ್ವಲ್ಪ ಬಗ್ಗೋಕೆ ಹೇಳು.”

ಯೋನಾಸ್‌ನ ಕತ್ತು ಹಿಡಿದು ಬಗ್ಗಿಸಿದೆ. ಪಟಪಟ ಸದ್ದಾಯಿತು. ಅಪ್ಪ ಫೋನಿನ ಮೇಲೇ ಅಕ್ಷತೆ ಹಾಕುತ್ತಿದ್ದರು. ಪರದೆಯೆಲ್ಲ ಹಳದಿ ಕಾಳು.

ಇಂಥ ಮಾವ ಯಾರಿಗಿದ್ದಾರೆ ಹೇಳಿ! ಹೆಮ್ಮೆಯಿಂದ ತಿರುಗಿ ನೋಡಿದೆ. ಮಂಗಳ ಹಾಡಬೇಕಾದವರು ಆರತಿ ತಟ್ಟೆ ಹಿಡಿದು ಸುಮ್ಮನೆ ನಿಂತಿದ್ದರು. ಕಣ್ಣು ಮಾತ್ರ ಸುರಿಯುತ್ತಿತ್ತು. ಈ ವರ್ಷ ವ್ಯಾಲೆಂಟೈನ್ ಸ್ವಾಮಿಗೆ ಮಂಗಳ ಹಾಡಿದ್ದು ಮೈಸೂರಿನಿಂದ ನಮ್ಮಪ್ಪ.