ಬಟಾಟಿ ಠಸ್ಸೆಯ ಪ್ರತಾಪ

ಬೆಲ್ಲಕ್ಕೆ ನೊಣ ಮುತ್ತಿದಂತೆ ಕೈಯಲ್ಲಿ ಕಲೆ ಇದ್ದವನಿಗೆ ಫಜೀತಿಗಳು ಮುತ್ತುತ್ತವೆ. ನನಗಂತೂ ಬಿಡುವೇ ಇರಲಿಲ್ಲ. ಬಟಾಟಿ ಕೊರೆದು, ಬಣ್ಣದಲ್ಲಿ ಅದ್ದಿ, ಬಟ್ಟೆಗೆ ಠಸ್ಸೆ ಒತ್ತುವುದರಲ್ಲಿ ಜುಗೂಳದಿಂದ ಅಥಣಿಯವರೆಗೆ ನನ್ನ ಸಮ ಯಾರೂ ಇರಲಿಲ್ಲ. ಇದು ಬಡಾಯಿ ಅಲ್ಲ, ಬೇಕಾದರೆ ನಮ್ಮವ್ವನನ್ನು ಕೇಳಿ.

ಆ ವರ್ಷ ಅಕ್ಕನ ಲಗ್ನ ಸತ್ತಿ ಊರಿನ ಹುಡುಗನ ಜೊತೆ ಗೊತ್ತಾಯಿತು. ನಮ್ಮ ಕಡೆ ಲಗ್ನದಲ್ಲಿ ರುಖವತ ಇಡಬೇಕು. ಅಂದರೆ ಮದುಮಗಳು ಕೈಯಾರೆ ಮಾಡಿದ್ದನ್ನೆಲ್ಲ ಬೀಗರ ಮುಂದೆ ಜೋಡಿಸಬೇಕು. ಅಕ್ಕ ಹೊಲದಲ್ಲಿ ಹುಲಿ, ಸೂಜಿ ಹಿಡಿದರೆ ಬೆರಳನ್ನೇ ಹೊಲಿಯುವಾಕಿ. ವರನ ಸೋದರತ್ತಿಯೋ, ರುಖವತದಲ್ಲಿ ತಪ್ಪು ಹುಡುಕುವುದಕ್ಕೇ ಹೆಸರಾದವಳು.

"ತಮ್ಮಾ, ನನ್ನ ಮಾನ ನಿನ್ನ ಕೈಯಾಗೈತಿ. ಮಂಚಕ್ಕ ಹಾಸಾಕ ಒಂದು ಪಲಂಗಪೋಸ ಮಾಡಿ ಕೊಡು. ಆದ್ರ ಯಾರ ಮುಂದೂ ಬಾಯಿ ಬಿಡಬ್ಯಾಡ" ಅಂದಳು ಅಕ್ಕ.

ಬಾಯಿ ಬಿಡದೆ ಇರುವುದು! ಅದೊಂದೇ ನನಗೆ ಬಾರದ ವಿದ್ಯೆ. ಆದರೂ ಹೂಂ ಅಂದೆ.

ಎತ್ತಿನ ಮೇಲಿನ ನವಿಲು

ಕೈ ಪಳಗಲಿ ಎಂದು ಕಾರಹುಣ್ಣಿಮೆಗೆ ನಮ್ಮ ಬಿಳಿ ಎತ್ತನ್ನು ಹಿಡಿದೆ. ಊರವರೆಲ್ಲ ತಂಬಿಗೆಯ ಬಾಯಿ ಅದ್ದಿ ಎತ್ತಿಗೆ ಉಂಗುರ ಒತ್ತಿದರೆ, ನಾನು ಬಟಾಟಿಯಲ್ಲಿ ನವಿಲು ಕೊರೆದೆ. ಎಡ ಮಗ್ಗಲು ತುಂಬ ಕೆಂಪು ನವಿಲು. ಬಲಕ್ಕೆ ಒತ್ತೋಣವೆಂದರೆ ಠಸ್ಸೆಯೇ ಇಲ್ಲ! ಪಕ್ಕದ ಜೋಡಿ ಎತ್ತು ಬಾಯಿಗೆ ಹುರಮಂಜಿನ ಕೆಂಪು ಮೀಸೆ ಹೊತ್ತು ಮೆಲುಕು ಹಾಕುತ್ತಿತ್ತು.

"ಬಲಕ್ಕ ಯಾಕ ಬೋಳು?" ಎಂದು ಕೇಳಿದವರಿಗೆಲ್ಲ ಅಪ್ಪ ಹೇಳಿದ: "ಆ ಕಡೀವು ಮೇಯಾಕ ಹೋಗ್ಯಾವ."

ಅಜ್ಜನ ಹೂಬನ

ಬೆಂಡಿಕಾಯಿ ಅಡ್ಡ ಕೊಯ್ದರೆ ಹೂವಿನ ಠಸ್ಸೆ ತಯಾರು. ಪಲಂಗಪೋಸದ ನಡುವೆ ನವಿಲು, ಅಂಚಿಗೆ ಈ ಹೂ ಒತ್ತಿ, ಒಣಗಲೆಂದು ಕಟ್ಟೆಯ ಮೇಲೆ ಹಾಸಿದ್ದೆ. ಅಜ್ಜ ಬಂದವನೇ ಅಂಚಿನ ಮೇಲೆ ಕೂತು, ಎಲೆಯಡಿಕೆ ಮೆದ್ದು, ಎದ್ದು ಸದಲಗಾ ಸಂತೆಗೆ ಹೋಗಿಬಿಟ್ಟ.

ಸಂತೆಯಲ್ಲಿ ಬಳೆಗಾರ್ತಿ ಕೂಗಿದಳಂತೆ: "ಅಜ್ಜಾರ, ನೀವು ಕುಂತಲ್ಲೇ ಹೂ ಅರಳ್ಯಾವಲ್ರಿ!" ಅಜ್ಜ ಹೊಗಳಿಕೆಯೆಂದು ಕೈ ಮುಗಿದು ಬಂದ. ಮನೆಯಲ್ಲಿ ಧೋತರ ಬಿಚ್ಚಿದಾಗ ಗುಟ್ಟು ಗೊತ್ತಾಯಿತು. ಇನ್ನು ಬಡಿಗೆಯೇ ಗತಿ ಎಂದು ನಾನು ಬಾಗಿಲ ಕಡೆ ಜರುಗಿದೆ.

"ಹಿಂದ ಅಷ್ಟ ಒತ್ತಿ ಬಿಟ್ಟೀಯಲ್ಲಲೇ," ಅಂದ ಅಜ್ಜ, "ಮುಂದ ಯಾರು ಒತ್ತವರು?"

ಬೀಗರ ಎಲೆ

ಲಗ್ನದ ದಿನ ಸೋದರತ್ತಿ ಪಲಂಗಪೋಸದ ಅಂಚು ಹಿಡಿದು ತಿರುಗಿಸಿ ಮುರುಗಿಸಿ ನೋಡಿದಳು. "ಭಾರಿ ಆಗೈತಿ! ಯಾರ ಕೈಗುಣಾ?"

"ಮಗಳದರಿ," ಅಂದಳು ಅವ್ವ. ನನ್ನ ಗಂಟಲವರೆಗೆ ಮಾತು ಬಂದಿತ್ತು. ಅಕ್ಕ ಕಣ್ಣಲ್ಲೇ ಬೇಡಿಕೊಂಡಳು. ನುಂಗಿದೆ.

ಊಟಕ್ಕೆ ಕೂತರು. ಬಣ್ಣ ಮುಟ್ಟದ ಠಸ್ಸೆಗಳನ್ನು ಒಣಗದಿರಲೆಂದು ಬಕೀಟಿನ ನೀರಲ್ಲಿ ಇಟ್ಟಿದ್ದೆ. ಅಡಿಗೆಯವರು ಸುಲಿದಿಟ್ಟ ಬಟಾಟಿಯೆಂದು ಪಲ್ಯಕ್ಕೆ ಸುರಿದಿದ್ದರು!

"ಅಯ್ಯ, ಪಲ್ಯಾದಾಗ ನವಿಲು!" ಸೋದರತ್ತಿ ಎಲೆಯಿಂದ ಎತ್ತಿ ಎಲ್ಲರಿಗೂ ತೋರಿಸಿದಳು. "ಪಲಂಗಪೋಸದಾಗಿನ ನವಿಲ ಇದು! ಬಾರವ್ವಾ ಸೊಸಿ, ನಮ್ಮೆದುರಿಗೆ ಒಂದು ಕೊರದು ತೋರಿಸು."

ಅಕ್ಕ ಚಾಕುವನ್ನು ಕುಡಗೋಲಿನಂತೆ ಹಿಡಿದಳು. ಒಂದೇ ಏಟಿಗೆ ಬಟಾಟಿ ಎರಡು ಹೋಳು. ಅವಳ ಕಣ್ಣು ತುಂಬಿದವು.

ನನಗೆ ತಡೆಯಲಾಗಲಿಲ್ಲ. "ಅದು ನಾ ಮಾಡಿದ್ದರಿ! ಎತ್ತಿನ ಮ್ಯಾಲಿನ ನವಿಲೂ ನಂದ, ಅಜ್ಜನ ಧೋತರದ ಹೂನೂ ನಂದ!"

ಸೋದರತ್ತಿ ಅಕ್ಕನ ಅಂಗೈ ತಿರುವಿ, ದಡ್ಡುಗಟ್ಟಿದ ಬೆರಳು ಸವರಿದಳು. "ದುಡದ ಕೈ. ನಮ್ಮಂಥ ಕಬ್ಬು ಬೆಳೆಯೋ ಮನಿಗೆ ಇದ ಬೇಕಾಗಿತ್ತು. ಹೂ ಒತ್ತಾಕ ಬೇಕಂದ್ರ, ರುಖವತದ ಜೋಡಿ ಈ ಹುಡುಗನ್ನೂ ಕಟ್ಟಿ ಕಳಸ್ರಿ!"

ಎಲ್ಲರೂ ಎಲೆಯ ಮುಂದೆ ಬಿದ್ದು ಬಿದ್ದು ನಕ್ಕರು. ಅವ್ವ ನಗುತ್ತಲೇ ಕಣ್ಣೊರೆಸಿಕೊಂಡಳು. ಅಕ್ಕನ ತಲೆ ಬಾಗಲು ಬಿಡದ ಆ ಸೋದರತ್ತಿಗೆ ಇಂದಿಗೂ ಮನಸ್ಸಿನಲ್ಲಿ ಕೈ ಮುಗಿಯುತ್ತೇನೆ.

ಆದರೆ ಆವತ್ತು ಆಕೆ ಮಾಡಿದ್ದು ಚೇಷ್ಟೆಯೆಂದು ನನಗೆ ಯಾರೂ ಹೇಳಲಿಲ್ಲ. ಮದುಮಗಳನ್ನು ಕಳಿಸಲು ಎಲ್ಲರೂ ಬೀಗರ ಟೆಂಪೊ ಹತ್ತಿರ ಬಂದಾಗ, ಚಾಕು, ಒಂದು ಚೀಲ ಬಟಾಟಿ ಹಿಡಿದುಕೊಂಡು ನಾನು ಮುಂದಿನ ಸೀಟಿನಲ್ಲಿ ಕೂತಾಗಿತ್ತು.